ಒಂದು ಗಾಡಿಯ ಅಂಗ ಇನ್ನೊಂದಕ್ಕೆ

ಹಳೆಯ ಮನೆಗಳ ಹಿತ್ತಿಲ ಷೆಡ್ಡುಗಳಲ್ಲಿ ತಾಡಪಾಲು ಹೊದ್ದು ನಿಂತಿರುವ ಅಂಬಾಸಿಡರ್ ಗಾಡಿಗಳು ನಮ್ಮ ನಾಡಿನ ಊರೂರಲ್ಲಿಯೂ ಉಂಟು. ತಾತನವರು ಕೊಂಡದ್ದು, ತಂದೆಯವರು ಓಡಿಸಿದ್ದು, ಮನೆಯ ಮದುವೆಗಳಲ್ಲಿ ಹೂವಿನ ಸರ ಹೊತ್ತು ಮೆರೆದದ್ದು, ಕಡೆಗೆ ಮಾರಲು ಮನಸ್ಸು ಬಾರದೆ ಉಳಿದದ್ದು. ಇಂಥ ಗಾಡಿಯನ್ನು ಮತ್ತೆ ರಸ್ತೆಗೆ ತರಬೇಕೆಂದು ಮಗನೋ ಮೊಮ್ಮಗಳೋ ಹೊರಟರೆ ಎದುರಾಗುವ ಮೊದಲ ತೊಡಕು ಬಿಡಿಭಾಗಗಳದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದೂಸ್ಥಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಈ ಗಾಡಿಯ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆಗ ಗ್ಯಾರೇಜಿನ ಮೆಕ್ಯಾನಿಕ್ಕು ಒಂದು ಮಾತು ಹೇಳುತ್ತಾನೆ: “ಬೇರೆ ಗಾಡಿಯದು ಹಾಕೋಣ ಬಿಡಿ ಸ್ವಾಮಿ, ಕೂತ್ಕೊಳ್ಳುತ್ತೆ.” ಈ ಮಾತನ್ನು ಯಾವಾಗ ಒಪ್ಪಬೇಕು, ಯಾವಾಗ ಒಪ್ಪಬಾರದು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಹಳೆಯ ಓಲೆಗರಿಯ ಗ್ರಂಥವೊಂದನ್ನು ಸಂಪಾದಿಸುವವರು ಏನು ಮಾಡುತ್ತಾರೆಂಬುದನ್ನು ಇಲ್ಲಿ ನೆನೆಯಬಹುದು. ಒಂದು ಪ್ರತಿಯಲ್ಲಿ ನಾಲ್ಕು ಗರಿ ಹುಳು ತಿಂದು ಹೋಗಿದ್ದರೆ, ಅದೇ ಗ್ರಂಥದ ಇನ್ನೊಂದು ಪ್ರತಿಯಿಂದ ಆ ಭಾಗವನ್ನು ತುಂಬುತ್ತಾರೆ. ಎಲ್ಲಿಂದ ತಂದರೆಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳುತ್ತಾರೆ. ಬೇರೊಂದು ಗ್ರಂಥದ ಪದ್ಯ ಛಂದಸ್ಸಿಗೆ ಹೊಂದುತ್ತದೆಂಬ ಕಾರಣಕ್ಕೆ ಅದನ್ನು ತಂದು ಸೇರಿಸುವುದಿಲ್ಲ. ಹಾಗೆ ಸೇರಿಸಿದರೆ ಅದು ಪ್ರಕ್ಷಿಪ್ತವೆನಿಸುತ್ತದೆ. ಹಳೆಯ ಗಾಡಿಯನ್ನು ಸರಿಪಡಿಸುವುದೂ ಇಂಥದೇ ಕೆಲಸ. ಅಲ್ಲಿಯೂ ಪ್ರತ್ಯಂತರವುಂಟು, ಪ್ರಕ್ಷಿಪ್ತವುಂಟು. ಆದುದರಿಂದ ಗಾಡಿಯ ವಂಶವನ್ನು ಮೊದಲು ತಿಳಿಯಬೇಕು.

ಅಂಬಾಸಿಡರಿನ ವಂಶವನ್ನು ನೋಡೋಣ. ಇಂಗ್ಲೆಂಡಿನ ಮೋರಿಸ್ ಕಂಪೆನಿಯ ಆಕ್ಸ್‌ಫರ್ಡ್ ಎಂಬ ಗಾಡಿಯ ಎರಡನೆಯ ಸರಣಿಯನ್ನು ನಮ್ಮಲ್ಲಿ 1954ರಿಂದ ‘ಲ್ಯಾಂಡ್‌ಮಾಸ್ಟರ್’ ಎಂಬ ಹೆಸರಿನಿಂದ ತಯಾರಿಸಿದರು. ಅದೇ ಆಕ್ಸ್‌ಫರ್ಡಿನ ಮೂರನೆಯ ಸರಣಿಯೇ 1957ರ ಸುಮಾರಿಗೆ ಅಂಬಾಸಿಡರ್ ಆಗಿ ಬಂದದ್ದು. ಮೊದಲು ಇದರಲ್ಲಿದ್ದುದು 1476 ಸಿ.ಸಿ.ಯ, ಪಕ್ಕದಲ್ಲಿ ವಾಲ್ವುಗಳಿರುವ ಹಳೆಯ ಬಗೆಯ ಇಂಜಿನು. 1959ರಲ್ಲಿ ಅದನ್ನು ಬಿಟ್ಟು, ತಲೆಯ ಮೇಲೆ ವಾಲ್ವುಗಳಿರುವ 1489 ಸಿ.ಸಿ.ಯ ಇಂಜಿನನ್ನು ಕೂಡಿಸಿದರು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರು ‘ಬಿ’ ಸರಣಿಯೆಂದು ಕರೆದ ಇಂಜಿನಿದು. 1962ರಲ್ಲಿ ಮಾರ್ಕ್ ಎರಡು, 1975ರಲ್ಲಿ ಮಾರ್ಕ್ ಮೂರು, 1979ರಲ್ಲಿ ಮಾರ್ಕ್ ನಾಲ್ಕು ಎಂದು ಗಾಡಿಯ ಮುಖದ ಜಾಲರಿಯೂ ಒಳಗಿನ ಅಲಂಕಾರವೂ ಬದಲಾದುವು. ಮೈಕಟ್ಟು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ವ್ಯಾಕರಣದಲ್ಲಿ ತತ್ಸಮ, ತದ್ಭವ, ಅನ್ಯದೇಶ್ಯ ಎಂದು ಪದಗಳನ್ನು ವಿಂಗಡಿಸುವುದನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಬಿಡಿಭಾಗಗಳನ್ನೂ ಹಾಗೆಯೇ ಮೂರಾಗಿ ವಿಂಗಡಿಸಿಕೊಂಡರೆ ಅರ್ಧ ಗೊಂದಲ ತೀರುತ್ತದೆ.

ಯಾವ ಮಾರ್ಪಾಡೂ ಇಲ್ಲದೆ ಹಾಗೆಯೇ ಹೊಂದುವ ಭಾಗ ತತ್ಸಮ. 1965ರ ಅಂಬಾಸಿಡರಿನ 1489 ಸಿ.ಸಿ. ಇಂಜಿನ್ನಿಗೆ ಅದೇ ಕಾಲದ ಇನ್ನೊಂದು ಅಂಬಾಸಿಡರಿನ ತಲೆಯನ್ನೋ ಪಂಪನ್ನೋ ತಂದು ಕೂಡಿಸುವುದು ಇಂಥದು. ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಸಲೂನ್ ಗಾಡಿ ತವರಿನಲ್ಲಿ 1959ರಲ್ಲಿಯೇ ನಿಂತುಹೋಯಿತು. ಅದರ ಮೈಕಟ್ಟು ನಮ್ಮಲ್ಲಿ ಇನ್ನೂ ಐವತ್ತೈದು ವರ್ಷ ಬಾಳಿತು. ಹೀಗಾಗಿ ಆಕ್ಸ್‌ಫರ್ಡಿನ ಒಡೆಯರು ಭಾಗಗಳಿಗಾಗಿ ಬಂಗಾಳದ ಕಡೆ ನೋಡುವಂತಾದುದು ಸಹಜವೇ. ಮಗಳ ಮನೆಯಿಂದ ತವರಿಗೆ ಬಾಗಿನ ಹೋದಂತೆ ಎನ್ನಬಹುದು.

ವಂಶ ಒಂದೇ ಆಗಿ, ರೂಪ ಸ್ವಲ್ಪ ಮಾರ್ಪಟ್ಟಿರುವುದು ತದ್ಭವ. ಇಂಗ್ಲೆಂಡಿನ ಹೆಸರಾಂತ ಕ್ರೀಡಾಗಾಡಿಯಾದ ಎಂ.ಜಿ.ಎ.ಯನ್ನು 1955ರಲ್ಲಿ ಹೊರತಂದಾಗ ಅದರಲ್ಲಿದ್ದುದೂ ಇದೇ ಬಿ ಸರಣಿಯ 1489 ಸಿ.ಸಿ. ಇಂಜಿನೇ. ಆದರೆ ಅದಕ್ಕೆ ಎರಡು ಕಾರ್ಬುರೇಟರುಗಳಿದ್ದುವು, ತಲೆಯಲ್ಲಿ ವ್ಯತ್ಯಾಸವಿತ್ತು. ಅಂಬಾಸಿಡರಿನಲ್ಲಿ ಸುಮಾರು 55 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನು ಅಲ್ಲಿ 68, ಅನಂತರ 72 ಅಶ್ವಶಕ್ತಿ ಕೊಟ್ಟಿತು. ಲ್ಯಾಂಡ್‌ಮಾಸ್ಟರಿನ ವಿಷಯವೂ ಹೀಗೆಯೇ. ಅದರಲ್ಲಿದ್ದುದು ಪಕ್ಕವಾಲ್ವಿನ ಇಂಜಿನು. ಆದರೆ ಅದೇ ಮೈಕಟ್ಟಿನ ಇಂಗ್ಲೆಂಡಿನ ಗಾಡಿ ಬಿ ಸರಣಿಯ ಇಂಜಿನನ್ನೇ ಹೊತ್ತಿತ್ತು. ಆದುದರಿಂದ ಲ್ಯಾಂಡ್‌ಮಾಸ್ಟರಿಗೆ ಅಂಬಾಸಿಡರಿನ ಇಂಜಿನು ಹಾಕುವೆನೆಂದರೆ ಜಾಗದ ತೊಂದರೆಯಿಲ್ಲ. ಇಂಜಿನ್ನಿನ ಹಿಡಿಕೆಗಳು, ಕ್ಲಚ್ಚಿನ ಜೋಡಣೆ ಇವನ್ನು ಮಾತ್ರ ಅಳೆದು ನೋಡಬೇಕು.

ಬೇರೆ ವಂಶದಿಂದ ಬಂದುದು ಅನ್ಯದೇಶ್ಯ. 1990ರ ದಶಕದ ಆರಂಭದಲ್ಲಿ ಅಂಬಾಸಿಡರಿನ ಕಾರ್ಖಾನೆಯವರೇ ಜಪಾನಿನ ಇಸುಜು ಕಂಪೆನಿಯ 1817 ಸಿ.ಸಿ. ಇಂಜಿನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಈ ಗಾಡಿಗೆ ಕೂಡಿಸಿದರು. ಅದುವರೆಗೆ ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರು ಕಡ್ಡಿ ಆಗ ನೆಲಕ್ಕಿಳಿಯಿತು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಮನಸ್ಸಿಗೆ ಬಂದಂತೆ ಜೋಡಿಸಿದರೆ ಅರಿಸಮಾಸದ ದೋಷವೆಂದು ವೈಯಾಕರಣರು ಹೇಳುತ್ತಾರೆ. ಆದರೆ ಹಿಂದಿನ ಕವಿಗಳು ಬಳಸಿ ರೂಢಿಗೆ ತಂದವನ್ನು ಅವರೂ ಒಪ್ಪಿದ್ದಾರೆ. ಕಾರ್ಖಾನೆಯವರೇ ಕೂಡಿಸಿದ ಇಸುಜು ಇಂಜಿನು ಹೀಗೆ ರೂಢಿಗೆ ಬಂದ ಅರಿಸಮಾಸ. ಅದನ್ನೇ 1960ರ ಗಾಡಿಯ ನೆಲ ಕೊಯ್ದು ಕೂಡಿಸಿದರೆ ಗಾಡಿ ಓಡೀತು. ಆದರೆ ಅದನ್ನು 1960ರ ಗಾಡಿಯ ಪುನರುದ್ಧಾರವೆಂದು ಕರೆಯುವಂತಿಲ್ಲ.

ಹೀಗೆ ವಂಶವನ್ನು ತಿಳಿದ ಮೇಲೆ ಪ್ರತಿಯೊಂದು ಭಾಗಕ್ಕೂ ಮೂರು ಪ್ರಶ್ನೆ ಕೇಳಬೇಕು. ಇದು ಕೂಡುತ್ತದೆಯೆ? ಕೂಡಿದರೆ ಸರಿಯಾಗಿ ಕೆಲಸ ಮಾಡುತ್ತದೆಯೆ? ಕೆಲಸ ಮಾಡಿದರೂ ಗಾಡಿಯ ವಿಷಯದಲ್ಲಿ ಸುಳ್ಳು ಹೇಳುತ್ತದೆಯೆ? ಮೆಕ್ಯಾನಿಕ್ಕು “ಕೂತ್ಕೊಳ್ಳುತ್ತೆ” ಎಂದಾಗ ಉತ್ತರ ದೊರೆತದ್ದು ಮೊದಲನೆಯ ಪ್ರಶ್ನೆಗೆ ಮಾತ್ರ.

ಆ ಮೊದಲನೆಯ ಪ್ರಶ್ನೆಯಲ್ಲಿಯೂ ಮೋಸವುಂಟು. ಅಂಗುಲದ ಲೆಕ್ಕದ ಬೋಲ್ಟೊಂದನ್ನು ತೆಗೆದುಕೊಳ್ಳಿ. 5/16 ಅಂಗುಲವೆಂದರೆ 7.94 ಮಿಲಿಮೀಟರು. ಮೆಟ್ರಿಕ್ ಲೆಕ್ಕದ 8 ಮಿಲಿಮೀಟರಿನ ಬೋಲ್ಟಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಆ ಅಂಗುಲದ ಬೋಲ್ಟಿನ ನವುರು ಜಾತಿಯಲ್ಲಿ ಒಂದು ಅಂಗುಲಕ್ಕೆ 24 ಸುತ್ತು. ಸಾಮಾನ್ಯ ಮೆಟ್ರಿಕ್ ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರು, ಅಂದರೆ ಅಂಗುಲಕ್ಕೆ ಸುಮಾರು 20 ಸುತ್ತು. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತೆಂದು ಮೆಕ್ಯಾನಿಕ್ಕು ಬಿಡುತ್ತಾನೆ. ನಿಜವಾಗಿ ಆಗಿರುವುದು ಬಿಗಿತವಲ್ಲ, ಸುತ್ತುಗಳು ಒಂದನ್ನೊಂದು ಕಡಿದಿರುವುದು. ಸ್ಟಿಯರಿಂಗಿನಲ್ಲಿಯೋ ಬ್ರೇಕಿನಲ್ಲಿಯೋ ಇಂಥ ಬೋಲ್ಟು ಇದ್ದರೆ ಅದು ಕಳಚುವುದು ಗ್ಯಾರೇಜಿನಲ್ಲಲ್ಲ, ಘಟ್ಟದ ತಿರುವಿನಲ್ಲಿ. ಇಂಗ್ಲೆಂಡಿನ ವಂಶದ ಹಳೆಯ ಗಾಡಿಗೆ ಜಪಾನಿನ ಅಥವಾ ಇಟಲಿಯ ವಂಶದ ಭಾಗವನ್ನು ಕೂಡಿಸುವಾಗ, ಬೋಲ್ಟು ನಟ್ಟುಗಳನ್ನು ಆ ಭಾಗದ ಜೊತೆಯಲ್ಲಿಯೇ ತಂದು ಬೇರೆ ಡಬ್ಬಿಯಲ್ಲಿ ಇಡುವುದು ಜಾಣತನ.

ಎರಡನೆಯ ಪ್ರಶ್ನೆ ಇದಕ್ಕಿಂತ ಗಹನವಾದುದು. ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ನೋಡಿ. ಪೆಡಲನ್ನು ತುಳಿದಾಗ ಎಣ್ಣೆಯನ್ನು ಒತ್ತಿ ನಾಲ್ಕು ಚಕ್ರಗಳಿಗೂ ಕಳುಹಿಸುವುದು ಇದೇ. ಮುಕ್ಕಾಲು ಅಂಗುಲದ ಕೊಳವೆಯಿರುವ ಸಿಲಿಂಡರು ಸಿಕ್ಕಲಿಲ್ಲವೆಂದು ಏಳು ಎಂಟನೆಯ ಅಂಗುಲದ, ಅಂದರೆ ಅರೆಪಾವು ಅಂಗುಲ ದೊಡ್ಡದಾದ, ಸಿಲಿಂಡರನ್ನು ಹಾಕಿದರೆಂದು ಇಟ್ಟುಕೊಳ್ಳಿ. ವ್ಯತ್ಯಾಸ ಬೆರಳಿನ ಉಗುರಿನಷ್ಟೂ ಇಲ್ಲ. ಆದರೆ ಕೊಳವೆಯ ಬಾಯಿಯ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುತ್ತದೆ; ಲೆಕ್ಕ ಹಾಕಿದರೆ ವಿಸ್ತೀರ್ಣ ನೂರಕ್ಕೆ 36ರಷ್ಟು ಹೆಚ್ಚು. ಎಣ್ಣೆಯಲ್ಲಿ ಹಿಂದಿನಷ್ಟೇ ಒತ್ತಡ ಹುಟ್ಟಬೇಕಾದರೆ ಕಾಲಿನಿಂದ ಅಷ್ಟು ಹೆಚ್ಚು ಬಲ ಹಾಕಿ ತುಳಿಯಬೇಕು. ಪೆಡಲು ಗಟ್ಟಿಯಾಗಿರುವುದನ್ನು ಕಂಡು “ಬ್ರೇಕು ಚೆನ್ನಾಗಿದೆ” ಎಂದು ಒಡೆಯರು ಸಂತೋಷಪಡುತ್ತಾರೆ. ಗಾಡಿ ನಿಲ್ಲುವುದು ಮಾತ್ರ ತಡ. ಹಾಗೆಯೇ ಡ್ರಮ್ ಬ್ರೇಕಿಗಾಗಿ ಮಾಡಿದ ಆ ಕಾಲದ ಸಿಲಿಂಡರುಗಳಲ್ಲಿ ಪೆಡಲು ಬಿಟ್ಟ ಮೇಲೂ ಕೊಂಚ ಒತ್ತಡ ಉಳಿಯುವಂತೆ ಒಂದು ವಾಲ್ವು ಇರುವುದುಂಟು. ಅದನ್ನು ಹಾಗೆಯೇ ಬಿಟ್ಟು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿದರೆ, ಬ್ರೇಕು ಸದಾ ಉಜ್ಜುತ್ತ ಕಾಯತೊಡಗುತ್ತದೆ. ಬ್ರೇಕನ್ನು ಬದಲಾಯಿಸುವುದಾದರೆ ಒಂದೊಂದಾಗಿ ಅಲ್ಲ, ಇಡೀ ಮೇಳವನ್ನೇ ಬದಲಾಯಿಸಬೇಕು.

ಹಿಂದಿನ ಆಕ್ಸಲಿನ ಹಲ್ಲಿನ ಚಕ್ರಗಳೂ ಹೀಗೆಯೇ. ಚಿಕ್ಕ ಚಕ್ರಕ್ಕೆ 8 ಹಲ್ಲು, ದೊಡ್ಡದಕ್ಕೆ 39 ಹಲ್ಲು ಇದ್ದರೆ, ಗಾಡಿಯ ಚಕ್ರ ಒಂದು ಸುತ್ತು ಬರಲು ಅದಕ್ಕೆ ಶಕ್ತಿ ತರುವ ದಂಡ 4.875 ಸುತ್ತು ತಿರುಗಬೇಕು. ಎಂ.ಜಿ.ಎ. ಗಾಡಿಯಲ್ಲಿ ಇವು 10 ಮತ್ತು 43, ಅಂದರೆ 4.3 ಸುತ್ತು ಸಾಕು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿದರೆ ಹೆದ್ದಾರಿಯಲ್ಲಿ ಇಂಜಿನ್ನಿಗೆ ಆಯಾಸ ಕಡಮೆ, ದಿಬ್ಬ ಹತ್ತುವಾಗ ಹೆಚ್ಚು. ವೇಗ ತೋರಿಸುವ ಮೀಟರಿಗೆ ತಿರುಗಣೆ ಬರುವುದು ಗೇರು ಪೆಟ್ಟಿಗೆಯಿಂದಾದ್ದರಿಂದ ಅದಕ್ಕೆ ಈ ಬದಲಾವಣೆಯ ಸುದ್ದಿಯೇ ತಿಳಿಯದು; ಅದು 40 ಎಂದು ತೋರಿಸುವಾಗ ಗಾಡಿ 45ಕ್ಕೂ ಮೇಲೆ ಓಡುತ್ತಿರುತ್ತದೆ. ಇನ್ನೊಂದು ಮಾತು: ಈ ಎರಡು ಹಲ್ಲಿನ ಚಕ್ರಗಳನ್ನು ಒಂದಕ್ಕೊಂದು ಉಜ್ಜಿ ಜೋಡಿಯಾಗಿ ಮಾಡಿರುತ್ತಾರೆ. ಜೋಡಿಯನ್ನು ಅಗಲಿಸಬಾರದು.

ವಿದ್ಯುತ್ತಿನ ವಿಷಯ ರೇಡಿಯೋ ಇಟ್ಟವರಿಗೆ ಬೇಗ ತಿಳಿಯುತ್ತದೆ. ಇಂಗ್ಲೆಂಡಿನ ಆ ಕಾಲದ ಅನೇಕ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಗಾಡಿಯ ಮೈಗೆ ಕೂಡಿಸುತ್ತಿದ್ದರು. ಈಚಿನ ಗಾಡಿಗಳಲ್ಲಿ ಋಣ ತುದಿ ಮೈಗೆ. ಹಳೆಯ ಡೈನಮೋ ಬದಲು ಈಚಿನ ಆಲ್ಟರ್ನೇಟರನ್ನು ತಂದು, ಈ ಭೇದವನ್ನು ಗಮನಿಸದೆ ತಂತಿ ಕೂಡಿಸಿದರೆ ಅದರೊಳಗಿನ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಗಾಡಿಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಅದಕ್ಕೂ ಅದೇ ಗತಿ. ಮೊದಲು ಬ್ಯಾಟರಿಯ ಯಾವ ತಂತಿ ಮೈಗೆ ಹೋಗಿದೆಯೆಂದು ನೋಡಿ, ಆಮೇಲೆ ಉಳಿದ ಕೆಲಸ.

ಇನ್ನು ಮೈಯ ವಿಚಾರ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಗೆ ಚಾಸಿ ಬೇರೆ, ಮೈ ಬೇರೆ. ಬೋಲ್ಟು ಬಿಚ್ಚಿ ಮೈಯನ್ನು ಎತ್ತಿಡಬಹುದು. ಅಂಬಾಸಿಡರಿನಲ್ಲಿ ಹಾಗಿಲ್ಲ. ಅದರ ತಗಡಿನ ಮೈಯೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಓಡುವ ಪಟ್ಟಿ ತುಕ್ಕು ಹಿಡಿದಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಮೇಲೆ ತಗಡು ಹೊದಿಸಿ, ಪೇಸ್ಟು ಬಳಿದು, ಬಣ್ಣ ಹೊಡೆಯುವುದರಿಂದ ಗಾಡಿ ಹೊಳೆಯುತ್ತದೆ, ಗಟ್ಟಿಯಾಗುವುದಿಲ್ಲ. ಟಿಂಕರಿಂಗಿನವರು ಕೊಳೆತ ಭಾಗವನ್ನು ಕತ್ತರಿಸಿ, ಒಳ್ಳೆಯ ತಗಡನ್ನು ಅಂಚಿಗೆ ಅಂಚು ಕೂಡಿಸಿ ವೆಲ್ಡು ಮಾಡಬೇಕು. ಕತ್ತರಿಸುವ ಮುನ್ನ ಮೈ ಜೋಲದಂತೆ ಆನಿಕೆ ಕೊಟ್ಟಿರಬೇಕು.

ಹಳೆಯ ಗಾಡಿಗಳಿಂದ ಏನನ್ನು ತರಬಹುದು, ಏನನ್ನು ತರಬಾರದು ಎಂಬುದಕ್ಕೂ ಒಂದು ಸೂತ್ರವುಂಟು. ಬಾಗಿಲ ಹಿಡಿ, ಮುಖದ ಜಾಲರಿ, ಬಂಪರು, ಮೀಟರುಗಳು, ಗೇರು ಪೆಟ್ಟಿಗೆಯ ಕವಚ, ಗಾಜು ಇವನ್ನು ಗುಜರಿಯಿಂದ ಧಾರಾಳವಾಗಿ ತರಬಹುದು. ಬ್ರೇಕಿನ ರಬ್ಬರು, ಬ್ರೇಕಿನ ಕೊಳವೆ, ಸ್ಟಿಯರಿಂಗಿನ ಗುಂಡುಕೀಲುಗಳು, ಟೈರು ಇವನ್ನು ಗುಜರಿಯಿಂದ ಎಂದಿಗೂ ತರಬಾರದು. ಮೂವತ್ತು ವರ್ಷ ಡಬ್ಬಿಯಲ್ಲಿಯೇ ಇದ್ದ ರಬ್ಬರು ಹೊಸದಾಗಿ ಕಂಡರೂ ಹೊಸದಲ್ಲ; ಬಳಸದಿದ್ದರೂ ಅದು ಮುದಿಯಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸುವವರು, ಗಾಡಿಯ ವರ್ಷವನ್ನೂ ಮಾರ್ಕನ್ನೂ ಬರೆದುಕೊಂಡು, ಹಳೆಯ ಭಾಗವನ್ನು ಕೈಯಲ್ಲಿಯೇ ಹಿಡಿದು ಹೋಗುವುದು ಲೇಸು.

ಮೂರನೆಯ ಪ್ರಶ್ನೆ ಸತ್ಯದ್ದು. ಇದಕ್ಕೆ ಯುದ್ಧಕಾಲದ ಜೀಪು ಒಳ್ಳೆಯ ಉದಾಹರಣೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪೆನಿಯ ನಕ್ಷೆಯಂತೆಯೇ ಫೋರ್ಡ್ ಕಂಪೆನಿಯೂ ಜೀಪುಗಳನ್ನು ತಯಾರಿಸಿತು. ಎರಡೂ ಸೇರಿ ಆರು ಲಕ್ಷಕ್ಕೂ ಮೇಲ್ಪಟ್ಟು. ರಣರಂಗದಲ್ಲಿ ಒಂದರ ಭಾಗ ಇನ್ನೊಂದಕ್ಕೆ ಕೂಡಬೇಕೆಂಬುದೇ ಇದರ ಉದ್ದೇಶ. ಆದರೂ ಫೋರ್ಡ್ ಕಂಪೆನಿ ತನ್ನ ಬಹು ಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೆ ಸಹ, ‘ಎಫ್’ ಎಂಬ ಅಕ್ಷರವನ್ನು ಅಚ್ಚೊತ್ತಿತು. ಇಂದು ಫೋರ್ಡ್ ಜೀಪನ್ನು ಮೊದಲಿನ ರೂಪಕ್ಕೆ ತರುವವರು ಆ ಅಕ್ಷರವಿರುವ ಬೋಲ್ಟಿಗಾಗಿ ತಿಂಗಳುಗಟ್ಟಲೆ ಹುಡುಕುತ್ತಾರೆ. ಕೆಲಸಕ್ಕೆ ಎರಡೂ ಒಂದೇ, ಚರಿತ್ರೆಗೆ ಒಂದಲ್ಲ.

ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಬೇಕಿಲ್ಲ. ಊರ ತೇರಿನ ಗಾಲಿ ಸವೆದಾಗ ಹೊಸ ಗಾಲಿ ಹಾಕಿದರೆ ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಸವೆಯುವುದಕ್ಕೆಂದೇ ಇರುವ ಭಾಗಗಳನ್ನು ಬದಲಾಯಿಸಲೇಬೇಕು. ಆದರೆ ಮಾರ್ಕ್ ಮೂರರ ಗಾಡಿಗೆ ಹಳೆಯ ಜಾಲರಿ, ಹಳೆಯ ಬಾನೆಟ್ಟು ಹಾಕಿ 1960ರ ಗಾಡಿಯೆಂದು ಮಾರುವುದು ವಂಚನೆ. ಒಂದು ಗಾಡಿಯ ಚಾಸಿ ನಂಬರನ್ನು ಇನ್ನೊಂದಕ್ಕೆ ಒತ್ತುವುದಂತೂ ಅಪರಾಧ. ಇಂಜಿನ್ ನಂಬರೂ ಚಾಸಿ ನಂಬರೂ ನೋಂದಣಿ ಪತ್ರದಲ್ಲಿರುತ್ತವೆ. ಇಂಜಿನು ಬದಲಾಯಿಸುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಬದಲಾವಣೆಯನ್ನು ಪತ್ರದಲ್ಲಿ ನಮೂದು ಮಾಡಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗಾಗಿ ಬೇರೆ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಮೈ, ಇಂಜಿನು ಇವುಗಳಲ್ಲಿ ಭಾರಿ ಮಾರ್ಪಾಡಾಗದ ಗಾಡಿಗೆ ಈ ಮನ್ನಣೆ. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಮೇಲೆ ನವೀಕರಣಕ್ಕೆ 5,000 ರೂಪಾಯಿ ಎಂದು ಆ ನಿಯಮಗಳಲ್ಲಿ ಗೊತ್ತುಮಾಡಲಾಯಿತು. ಇಂದು ಸುಲಭವೆಂದು ಕೂಡಿಸಿದ ಅನ್ಯದೇಶ್ಯ ಇಂಜಿನು ನಾಳೆ ಈ ಮನ್ನಣೆಗೇ ಅಡ್ಡ ಬರಬಹುದು. ಆದುದರಿಂದ ಮೂಲ ಇಂಜಿನನ್ನು ಕೈಬಿಡುವ ಮೊದಲು ಲೇತಿನವರ ಹತ್ತಿರ ಒಮ್ಮೆ ತೋರಿಸಿ. ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕಬಹುದು. ಅದೂ ಆಗದಿದ್ದರೆ ಒಳಗೆ ಹೊಸ ಸ್ಲೀವು ಕೂಡಿಸಬಹುದು. ಸತ್ತಿತೆಂದು ಬಿಟ್ಟ ಎಷ್ಟೋ ಇಂಜಿನುಗಳು ಹೀಗೆ ಬದುಕುತ್ತವೆ.

ಇನ್ನೊಂದು ಸಂಗತಿಯನ್ನು ಯೋಚಿಸಬೇಕು. ನಿಮ್ಮ ಗಾಡಿಗೆ ಭಾಗ ಬಂದುದು ಎಲ್ಲಿಂದ? ಇನ್ನೊಂದು ಗಾಡಿಯಿಂದ ತಾನೆ? ಬೆಂದು ಹೋದದ್ದು, ಮರಕ್ಕೆ ಹೊಡೆದು ನುಜ್ಜುಗುಜ್ಜಾದದ್ದು, ತಳವೆಲ್ಲ ತುಕ್ಕಾಗಿ ಉದುರಿದ್ದು, ಇಂಥವನ್ನು ಬಿಚ್ಚಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಬಾಗಿಲು, ಎರಡು ಮೀಟರು ಬೇಕೆಂದು ನೆಟ್ಟಗಿರುವ ಗಾಡಿಯನ್ನು ಕೊಂಡು ಬಿಚ್ಚಿ, ಉಳಿದುದನ್ನು ತೂಕಕ್ಕೆ ಹಾಕುವವರೂ ಉಂಟು. ಒಂದು ಪ್ರತಿಯನ್ನು ತಿದ್ದುವುದಕ್ಕಾಗಿ ಇನ್ನೊಂದು ಒಳ್ಳೆಯ ಪ್ರತಿಯ ಗರಿಗಳನ್ನು ಕಿತ್ತಂತೆ ಇದು. ಲ್ಯಾಂಡ್‌ಮಾಸ್ಟರಿನಂಥ ಅಪೂರ್ವ ಗಾಡಿಯನ್ನು ಹೀಗೆ ಬಿಚ್ಚಿದರೆ ಆ ನಷ್ಟವನ್ನು ತುಂಬುವವರಿಲ್ಲ.

ಕಡೆಯದಾಗಿ, ಕೆಲಸಕ್ಕೆ ಕೈಯಿಡುವ ದಿನವೇ ಒಂದು ನೋಟುಪುಸ್ತಕ ತೆರೆಯಿರಿ. ಯಾವ ಭಾಗ ತೆಗೆದಿರಿ, ಅದರ ನಂಬರೇನು, ಬದಲಿಗೆ ಯಾವ ಗಾಡಿಯದನ್ನು ಹಾಕಿದಿರಿ, ಎಂದು, ಯಾರ ಕೈಯಿಂದ, ಇಷ್ಟನ್ನು ಬರೆದಿಡಿ; ಬಿಚ್ಚುವ ಮುನ್ನ ಫೋಟೋ ತೆಗೆಯಿರಿ. ತೆಗೆದ ಮೂಲ ಭಾಗ ಕೆಟ್ಟಿದ್ದರೂ ಅದನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಕೊಯ್ದು, ತೂತು ಕೊರೆದು ಮಾಡುವ ಕೆಲಸಕ್ಕಿಂತ, ಮುಂದೆ ಬಿಚ್ಚಿದರೆ ಮೊದಲಿನಂತಾಗುವ ಕೆಲಸವನ್ನೇ ಆರಿಸಿಕೊಳ್ಳಿ. ಹೀಗೆ ಮಾಡಿದರೆ, ಇಂದು ಅನಿವಾರ್ಯವಾಗಿ ಹಾಕಿದ ತದ್ಭವವನ್ನು ನಿಮ್ಮ ಮಕ್ಕಳು ತತ್ಸಮ ಸಿಕ್ಕಾಗ ಬದಲಾಯಿಸಬಲ್ಲರು. ಗಾಡಿ ಅವರ ಕೈಗೆ ಹೋದಾಗ ಕೀಲಿಕೈಯ ಜೊತೆಗೆ ಆ ನೋಟುಪುಸ್ತಕವನ್ನೂ ಕೊಡುವುದನ್ನು ಮರೆಯಬೇಡಿ.